ಕಣ್ಣು ತೆರೆದು ಕೂತವಳು

ಸೇಡಂ ಊರಾಚೆ, ಚಿಂಚೋಳಿ ರಸ್ತೆಯ ಮಗ್ಗುಲಿಗೆ ನಂದಕಿಶೋರ್ ಶೇಠರ ದಾಲ್ ಮಿಲ್ಲು. ಅಲ್ಲಿ ತೊಗರಿ ಹಸನು ಮಾಡುವ ಹೆಂಗಸರು ಹದಿನೆಂಟು ಮಂದಿ. ಅವರೆಲ್ಲರಲ್ಲಿ ನಾಗರತ್ನಾಳ ಬಾಯಿ ದೊಡ್ಡದು. ಮಷೀನಿನ ಗದ್ದಲದೊಳಗೂ ಆಕೆಯ ಮಾತು ಗೇಟಿನ ಕಾವಲುಗಾರನಿಗೆ ಕೇಳುತ್ತಿತ್ತು. ಸೇಡಂ ತಾಲೂಕಿನದೇ ಮುಧೋಳದ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಹೊಲದ ಆ ತುದಿಯಿಂದ ಈ ತುದಿಗೆ ಕೂಗಿ ಕರೆದು ಬೆಳೆದ ದನಿ ಅದು. ಗಂಡ ಅಂಬಾರಾಯ ಟೆಂಪೊ ಓಡಿಸುತ್ತಿದ್ದ. ಮನೆಯಲ್ಲಿ ಗಂಡ ಹೆಂಡತಿ, ಅತ್ತೆ, ಮೂರೇ ಜನ. ಮನೆ ಸಣ್ಣದು. ನಾಗರತ್ನಾ ನಕ್ಕರೆ ಓಣಿಯ ಕೊನೆಯವರೆಗೂ ತಿಳಿಯುತ್ತಿತ್ತು.

ಮಿಲ್ಲಿನಲ್ಲಿ ಆಕೆಯ ಜೋಡಿ ಭೀಮಬಾಯಿ. ವಯಸ್ಸಿನಲ್ಲಿ ಹತ್ತು ವರ್ಷ ದೊಡ್ಡವಳು, ವಿಧವೆ, ಮಹಾನಂದಾ ಎಂಬ ಒಬ್ಬ ಮಗಳ ತಾಯಿ. ಮಧ್ಯಾಹ್ನ ಇಬ್ಬರೂ ಬುತ್ತಿ ಬಿಚ್ಚಿಕೊಂಡು ಗೋದಾಮಿನೊಳಗೆ, ಚೀಲಗಳ ಎರಡು ಥಪ್ಪಿಯ ನಡುವಿನ ಸಂದಿಯಲ್ಲಿ ಕೂಡುತ್ತಿದ್ದರು. ಅಲ್ಲಿ ತಂಪು.

ಆ ವರ್ಷ ಫೆಬ್ರುವರಿಯಲ್ಲಿ ತೊಗರಿ ಭಾಳ ಬಂತು. ಹತ್ತು ಚೀಲದ ಎತ್ತರಕ್ಕೆ ಒಟ್ಟಬೇಕಾದ ಥಪ್ಪಿ ಹದಿನೆಂಟಕ್ಕೆ ಏರಿತು. ಥಪ್ಪಿ ವಾಲ್ಯಾದ ಎಂದು ಹಮಾಲರು ಹೇಳಿದರು. ಎರಡು ದಿನದ ಮಾತು, ಲಾರಿ ಬರುತ್ತದೆ ಎಂದ ಮೇಸ್ತ್ರಿ. ಲಾರಿ ಬರುವ ಮೊದಲೇ, ಮಧ್ಯಾಹ್ನದ ಬುತ್ತಿಯ ಹೊತ್ತಿಗೆ, ಥಪ್ಪಿ ಕೆಳಗೆ ಬಂತು.

ಬಿದ್ದ ಸದ್ದು ನಾಗರತ್ನಾಳಿಗೆ ನೆನಪಿಲ್ಲ. ನೆನಪಿರುವುದು ಕತ್ತಲು, ಬಾಯಿ ತುಂಬ ಧೂಳು, ಹರಿದ ಚೀಲದಿಂದ ಕುತ್ತಿಗೆಯ ಮೇಲೆ ಸುರಿಯುತ್ತಲೇ ಇದ್ದ ಕಾಳು. ಕೈ ಎತ್ತಲಿಕ್ಕೆ ಬರುತ್ತಿರಲಿಲ್ಲ. ಎದೆ ಅರ್ಧದಷ್ಟೇ ಏಳುತ್ತಿತ್ತು. ಆಕೆ ಒದರಲಿಕ್ಕೆ ಹೊರಟಾಗ ಕಿವಿಯ ಹತ್ತಿರವೇ ಭೀಮಬಾಯಿಯ ದನಿ ಬಂತು.

"ನಾಗೀ, ಒದರಬ್ಯಾಡ. ಉಸಿರು ಸಾಲಂಗಿಲ್ಲ. ಸಣ್ಣಗ ತಗೋ, ಸಣ್ಣಗ ಬಿಡು. ನನ್ನ ಉಸಿರು ಕೇಳ್ತದಲ್ಲ? ಅದರ ಸಂಗಾಟ ತಗೋ."

ನಾಗರತ್ನಾ ಹಾಗೇ ಮಾಡಿದಳು. ಭೀಮಬಾಯಿ ತೆಗೆದುಕೊಂಡಾಗ ತೆಗೆದುಕೊಂಡಳು, ಬಿಟ್ಟಾಗ ಬಿಟ್ಟಳು. ಎಷ್ಟು ಹೊತ್ತು ಅಂತ ತಿಳಿಯದು. ಆಮೇಲೆ ಜೊತೆಗೆ ತೆಗೆದುಕೊಳ್ಳಲು ಆ ಕಡೆಯ ಉಸಿರು ಇರಲಿಲ್ಲ. ಆಕೆ ಒಬ್ಬಳೇ ಉಸಿರಾಡುತ್ತ ಬಿದ್ದಿದ್ದಳು. ಚೀಲ ಸರಿಸಿ ಹೊರಗೆ ಎಳೆಯುವ ಹೊತ್ತಿಗೆ ಒಂದು ತಾಸು ಇಪ್ಪತ್ತು ನಿಮಿಷ ಆಗಿತ್ತಂತೆ.

ಎರಡು ಪಕ್ಕೆಲುಬು ಮುರಿದಿದ್ದವು. ಅವು ಎರಡು ತಿಂಗಳಲ್ಲಿ ಕೂಡಿದವು. ಪೊಲೀಸರು ಕಾಗದದಲ್ಲಿ 'ಅಪಘಾತ' ಎಂದು ಬರೆದುಕೊಂಡರು. ಮಿಲ್ಲು ಹದಿಮೂರು ದಿನ ಮುಚ್ಚಿ ಮತ್ತೆ ತೆರೆಯಿತು. ಊರಿನ ಪಾಲಿಗೆ ವಿಷಯ ಅಲ್ಲಿಗೆ ಮುಗಿಯಿತು.

ನಾಗರತ್ನಾಳಿಗೆ ಅಲ್ಲಿಂದ ಸುರುವಾಯಿತು. ಉಸಿರಾಟವೆಂದರೆ ಮನುಷ್ಯ ಮರೆತು ಮಾಡುವ ಕೆಲಸ. ಆಕೆಗೆ ಅದು ಮರೆಯಲಿಲ್ಲ. ಒಳಗೆ ಹೋಗುವುದೂ ತಿಳಿಯುತ್ತಿತ್ತು, ಹೊರಗೆ ಬರುವುದೂ ತಿಳಿಯುತ್ತಿತ್ತು, ಇನ್ನೊಂದು ಬರುತ್ತದೋ ಇಲ್ಲವೋ ಎಂದು ನಡುವೆ ಕಾಯುವಂತಾಗಿತ್ತು. ಬಾಗಿಲು ಹಾಕಿದ ಕೋಣೆಯಲ್ಲಿ ಕೂಡಲಿಕ್ಕಾಗುತ್ತಿರಲಿಲ್ಲ. ಬ್ಯಾಳಿ ಬೇಯುವ ವಾಸನೆ ಬಂದರೆ ಅಂಗಳಕ್ಕೆ ಓಡುತ್ತಿದ್ದಳು. ಆ ಸೀಮೆಯಲ್ಲಿ ತೊಗರಿಬ್ಯಾಳಿ ಬೇಯದ ಮನೆ ಯಾವುದು? ಎಡಕ್ಕೆ ಓಡಿದರೆ ಎಡಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತಿತ್ತು, ಬಲಕ್ಕೆ ಓಡಿದರೆ ಬಲಮನೆಯಲ್ಲಿ.

ಅತ್ತೆ ಮೊದಮೊದಲು ಮರುಗಿದಳು. ಸನ್ನತಿಯ ಚಂದ್ರಲಾಂಬೆಗೆ ಹರಕೆ ಹೊತ್ತಳು. ನಾಲ್ಕು ತಿಂಗಳಾದ ಮೇಲೆ ಆಕೆಗೂ ಸಾಕಾಯಿತು.

"ಸತ್ತಾಕಿ ಭೀಮಬಾಯಿ. ನೀ ಬದಕಿ ಬಂದೀದಿ. ಇನ್ನೇನು ಬೇಕವ್ವ ನಿನಗ?" ಎಂದಳು ಒಂದು ದಿನ.

ನಾಗರತ್ನಾಳಿಗೂ ಅದೇ ಪ್ರಶ್ನೆ ಇತ್ತು.

ಮಳೆಗಾಲದ ನಡುವೆ ಶೇಠರು ತಾವೇ ಕಾರಿನಲ್ಲಿ ಮನೆಗೆ ಬಂದರು. ಹೊರಸಿನ ತುದಿಗೆ ಕೂತು, ಚಹಾ ಬೇಡವೆಂದು, ನಯವಾಗಿ ಮಾತಾಡಿದರು.

"ಮಂದಿ ಮನಸಿನಾಗ ಅಂಜಿಕಿ ಕುಂತದ, ನಾಗರತ್ನಾ. ಅದಕ್ಕ ಮಿಲ್ಲಿನಾಗೇ ಐದು ದಿನ ಧ್ಯಾನದ ಶಿಬಿರ ಇಟ್ಟೀನಿ. ಚಿತ್ತಾಪುರದ ರಘುವೀರ ಮಾಸ್ತರು ಪುಕ್ಕಟೆ ಕಲಿಸ್ತಾರ. ನೀ ಬಂದು ಕೂಡಬೇಕು. ಮನಸು ಹಗುರಾದ ಮ್ಯಾಲ ಕೆಲಸಕ್ಕ ಬಾ."

ಥಪ್ಪಿ ಎಷ್ಟು ಎತ್ತರ ಇರಬೇಕೆಂಬ ಮಾತು ಅವರ ಬಾಯಲ್ಲಿ ಬರಲಿಲ್ಲ. ಕೇಳುವ ಎದೆ ಅಂಬಾರಾಯನಿಗೂ ಇರಲಿಲ್ಲ.

ರಘುವೀರ ಮಾಸ್ತರರು ಕೆಟ್ಟವರಲ್ಲ. ಹೈಸ್ಕೂಲಿನ ಹೆಡ್‌ಮಾಸ್ತರರಾಗಿ ನಿವೃತ್ತರಾದವರು, ಬೆಳಗಿನ ಸ್ನಾನ, ಸಂಧ್ಯಾವಂದನೆ ತಪ್ಪಿಸದವರು, ಯಾರಿಂದಲೂ ಏನೂ ತೆಗೆದುಕೊಳ್ಳದವರು. ಹೆಂಡತಿ ತೀರಿಕೊಂಡಾಗ ಎಲ್ಲೋ ಒಂದು ಶಿಬಿರದಲ್ಲಿ ಧ್ಯಾನ ಕಲಿತಿದ್ದರು. ಅದು ತಮ್ಮನ್ನು ಎತ್ತಿ ನಿಲ್ಲಿಸಿತು ಎಂದು ನಂಬಿದ್ದರು. ತಮಗೆ ದಕ್ಕಿದ್ದು ಎಲ್ಲರಿಗೂ ದಕ್ಕುತ್ತದೆ ಎಂದೂ ನಂಬಿದ್ದರು. ಈ ಎರಡನೆಯ ನಂಬಿಕೆಯೇ ನಾಗರತ್ನಾಳಿಗೆ ಮುಳುವಾಯಿತು.

ಆಫೀಸಿನ ಮೇಲಿನ ಹಾಲಿನಲ್ಲಿ ಜಮಖಾನ ಹಾಸಿದ್ದರು. ಧೂಳು ಬರುತ್ತದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ನಿಯಮ ಮೂರು: ಕಣ್ಣು ತೆಗೆಯಬಾರದು, ಮಾತಾಡಬಾರದು, ಗಂಟೆ ಬಾರಿಸುವವರೆಗೆ ಏಳಬಾರದು.

"ಉಸಿರು ನೋಡ್ಕೋತ ಕುಂದ್ರಿ," ಎಂದರು ಮಾಸ್ತರರು, ಮೆತ್ತನೆಯ ದನಿಯಲ್ಲಿ. "ಒಳಗ ಬಂತು, ಹೊರಗ ಹೋತು. ಅಷ್ಟೇ ನೋಡ್ರಿ. ಬ್ಯಾರೆ ಏನೂ ಬ್ಯಾಡ."

ನಾಗರತ್ನಾ ನೋಡಿದಳು. ಒಳಗೆ ಬಂತು, ಹೊರಗೆ ಹೋಯಿತು. ಸುತ್ತಲೂ ಹದಿನಾರು ಹೆಂಗಸರು ಉಸಿರಾಡುವ ಸದ್ದು. ಯಾವ ಉಸಿರು ಈಗ ನಿಲ್ಲುತ್ತದೆ ಎಂದು ಆಕೆಯ ಕಿವಿ ಒಂದೊಂದನ್ನೇ ಹಿಡಿದು ಕಾಯತೊಡಗಿತು. ಮುಚ್ಚಿದ ಕಣ್ಣೊಳಗೆ ಅದೇ ಕತ್ತಲು. ಕುತ್ತಿಗೆಯ ಮೇಲೆ ಕಾಳು ಸುರಿದಂತಾಗಿ ಆಕೆ ಮೈ ಝಾಡಿಸಿ ಎದ್ದಳು.

ಮಾಸ್ತರರು ಹತ್ತಿರ ಬಂದು ಹೆಗಲು ಒತ್ತಿ ಕೂಡಿಸಿದರು. "ಒಳಗಿನ ಹೊಲಸು ಹೊರಗ ಬರ್ಲಿಕತ್ತದ, ತಾಯಿ. ಇದು ಛಲೋ ಲಕ್ಷಣ. ಏಳಬ್ಯಾಡ. ಎದ್ರ ಅದು ಒಳಗೇ ಉಳೀತದ."

ಓದಿದವರು, ದೊಡ್ಡವರು. ಆಕೆ ನಂಬಿದಳು. ಎರಡನೆಯ ದಿನ ಹಲ್ಲು ಕಚ್ಚಿ ಕೂತಳು. ಮೂರನೆಯ ದಿನ ಕೈ ತಣ್ಣಗಾದವು, ನಾಲಗೆ ಒಣಗಿತು, ಕಿವಿಯಲ್ಲಿ ಗುಂಯ್ ಎಂದಿತು. ಆಮೇಲೆ ತಾನು ಎಲ್ಲಿದ್ದೇನೆಂಬುದೇ ತಪ್ಪಿಹೋಯಿತು. ಕಣ್ಣು ಬಿಟ್ಟಾಗ ಪಕ್ಕದಲ್ಲಿ ಕೂತಿದ್ದವಳ ತೋಳನ್ನು ರಕ್ತ ಬರುವಂತೆ ಪರಚಿದ್ದಳು. ಸೀರೆ ಒದ್ದೆಯಾಗಿತ್ತು. ಮೂರು ದಿನ ಮಾತಾಡದ ಹೆಂಗಸರೆಲ್ಲ ಒಮ್ಮೆಲೇ ಮಾತಾಡುತ್ತಿದ್ದರು.

"ಈಕಿ ಮನಸು ಭಾಳ ಕಚ್ಚಾ ಅದ," ಎಂದರು ಮಾಸ್ತರರು ಶೇಠರಿಗೆ, ನೊಂದುಕೊಂಡೇ. ಆ ಮಾತು ಸಂಜೆಯೊಳಗೆ ಓಣಿ ಮುಟ್ಟಿತು.

ಆ ದಿನದ ನಂತರ ನಾಗರತ್ನಾ ಮಾತು ಬಿಟ್ಟಳು. ಮೊದಲು ಥಪ್ಪಿ ಬಿದ್ದದ್ದು ಯಾರದೋ ತಪ್ಪಾಗಿತ್ತು. ಈಗ ಎಲ್ಲವೂ ತನ್ನ ತಪ್ಪಾಯಿತು. ಎಲ್ಲರೂ ಕೂತರು, ಎಲ್ಲರಿಗೂ ಶಾಂತಿ ಸಿಕ್ಕಿತು, ಬರೀ ಕಣ್ಣು ಮುಚ್ಚಿ ಕೂಡುವುದೂ ತನಗೆ ಬರಲಿಲ್ಲ. ಉಣ್ಣಲು ಕರೆದರೆ ಬರುತ್ತಿದ್ದಳು, ಇಲ್ಲದಿದ್ದರೆ ಇಲ್ಲ. ಗೋಡೆಗೆ ಬೆನ್ನು ಹಚ್ಚಿ ಬಾಗಿಲ ಕಡೆ ನೋಡುತ್ತ ಇಡೀ ದಿನ ಕೂತಿರುತ್ತಿದ್ದಳು. ಎರಡು ತಿಂಗಳು ಹಾಗೇ ಹೋದವು.

ಅಂಬಾರಾಯ ಮಾತು ಕಡಿಮೆಯ ಮನುಷ್ಯ. ಒಂದು ಮಂಗಳವಾರ ಅವತ್ತಿನ ಬಾಡಿಗೆ ಬಿಟ್ಟು, ಹೆಂಡತಿಯನ್ನು ಟೆಂಪೊದ ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಸರ್ಕಾರಿ ದವಾಖಾನೆಗೆ ಹೋದ. ಅಲ್ಲಿಗೆ ತಿಂಗಳಿಗೊಮ್ಮೆ ಕಲಬುರಗಿಯಿಂದ ಮನಸ್ಸಿನ ಡಾಕ್ಟರು ಬರುತ್ತಿದ್ದರು. ಅವರು ಗುಳಿಗೆ ಬರೆದು, ಪಕ್ಕದ ಕೋಣೆಗೆ ಹೋಗಲು ಹೇಳಿದರು. ಆ ಕೋಣೆಯಲ್ಲಿದ್ದವಳು ಮುಬೀನ, ಶಹಾಬಾದಿನ ಹುಡುಗಿ, ಆಪ್ತಸಮಾಲೋಚಕಿ. ಮೂವತ್ತು ದಾಟಿರಲಿಲ್ಲ.

ನಾಗರತ್ನಾ ಒಳಗೆ ಕಾಲಿಟ್ಟವಳು ಹಿಂದಿರುಗಿ ಬಾಗಿಲು ನೋಡಿದಳು. ಮುಬೀನ ಅದನ್ನು ಗಮನಿಸಿದಳು.

"ಬಾಗಿಲು ತೆಗೆದೇ ಇರ್ಲಿ, ಅಕ್ಕಾ. ಕುರ್ಚಿ ಎರಡವ. ನಿಮಗ ಯಾವದು ಬೇಕೋ ಅದು ತಗೋರಿ. ಬಾಗಿಲ ಬಾಜೂಕ ಎಳಕೊಂಡ್ರೂ ನಡೀತದ."

ಎಂಟು ತಿಂಗಳಲ್ಲಿ ಆಕೆಗೆ ಏನು ಬೇಕೆಂದು ಕೇಳಿದ ಮೊದಲ ಜೀವ ಅದು. ನಾಗರತ್ನಾ ಕುರ್ಚಿಯನ್ನು ಹೊಸ್ತಿಲ ತನಕ ಎಳೆದುಕೊಂಡು ಕೂತಳು. ಥಪ್ಪಿಯ ವಿಷಯ ಮುಬೀನ ಕೇಳಲಿಲ್ಲ. ಮೂರನೆಯ ವಾರದ ಭೇಟಿಯಲ್ಲಿ ನಾಗರತ್ನಾ ತಾನಾಗಿಯೇ ಶಿಬಿರದ ಸುದ್ದಿ ಹೇಳಿದಳು, ಕಳ್ಳತನ ಒಪ್ಪಿಕೊಳ್ಳುವವರಂತೆ ತಲೆ ತಗ್ಗಿಸಿ.

"ಎಲ್ಲಾರಿಗೂ ಬಂತು. ನನಗೇ ಬರ್ಲಿಲ್ಲ."

ಮುಬೀನ ಪೆನ್ನು ಕೆಳಗಿಟ್ಟಳು. "ಧ್ಯಾನ ಕೆಟ್ಟದ್ದಲ್ಲಕ್ಕಾ. ಖರೆ, ಗಾಯ ಹಸಿ ಇದ್ದಾಗ ಅದರ ಮ್ಯಾಲೇ ಬೆರಳಿಟ್ಟು ಒತ್ತಿದ್ರ ಏನಾಗ್ತದ? ನಿಮ್ಮ ಗಾಯ ಉಸಿರಿನಾಗ ಅದ. ಮಾಸ್ತರು ಅಲ್ಲೇ ಒತ್ಯಾರ. ಒತ್ತಿ, ಚೀರಬ್ಯಾಡ ಅಂದಾರ. ನಿಮ್ಮ ಮನಸು ಕಚ್ಚಾ ಅಲ್ಲ. ಅದು ನಿಮ್ಮನ್ನ ಉಳಿಸ್ಲಿಕ್ಕಂತ ಎದ್ದು ಓಡು ಅಂತು. ಓಡ್ಲಿಕ್ಕೆ ನಿಮ್ಮನ್ನ ಬಿಡಲಿಲ್ಲ."

ನಾಗರತ್ನಾ ಅವತ್ತು ಅತ್ತಳು. ಸದ್ದು ಮಾಡಿ ಅತ್ತಳು. ಹೊರಗೆ ಕೂತಿದ್ದ ಅಂಬಾರಾಯ ಹೆಂಡತಿಯ ಹಳೆಯ ದನಿ ಕೇಳಿ ಎದ್ದು ನಿಂತ.

ಮುಬೀನ ಕಲಿಸಿದ್ದು ಮಾಸ್ತರರು ಕಲಿಸಿದ್ದಕ್ಕೆ ತಿರುಗಾಮುರುಗಾ ಇತ್ತು. ಉಸಿರಿನ ಗೊಡವೆಗೇ ಹೋಗಬಾರದು. ಕಣ್ಣು ಮುಚ್ಚಬಾರದು. ಅಂಗಾಲು ನೆಲಕ್ಕೆ ಹಚ್ಚಿ, ನೆಲ ತಂಪಿದೆಯೋ ಬಿಸಿ ಇದೆಯೋ ಅಷ್ಟು ನೋಡಬೇಕು. ಕಣ್ಣೆದುರಿಗೆ ಏನಿದೆ, ಅದರ ಬಣ್ಣ ಯಾವುದು ಎಂದು ಮನಸ್ಸಿನಲ್ಲೇ ಹೆಸರಿಡಬೇಕು. ಮೊದಲ ವಾರ ಅರ್ಧ ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಒಬ್ಬಳೇ ಕೂಡಬಾರದು, ಗಂಡ ಸನಿಹ ಇರಬೇಕು. ಗುಳಿಗೆ ಬಿಡಬಾರದು.

"ಕೈ ತಣ್ಣಗಾದ್ರ, ನಾಲಗಿ ಒಣಗಿದ್ರ ತಡೀಬ್ಯಾಡ್ರಿ. ಬಾಯಿ ಬಿಟ್ಟು 'ಸಾಕು' ಅನ್ರಿ. ಎದ್ದು ಬಿಡ್ರಿ."

"ನಡುವೇ ಏಳೂದಾ?"

"ಏಳೂದೇ ಕಲೀಬೇಕಾಗಿದ್ದು, ಅಕ್ಕಾ. ಏಳ್ಲಿಕ್ಕೆ ಬರ್ತದ ಅಂತ ಗೊತ್ತಾದ್ರ ಕೂಡ್ಲಿಕ್ಕೂ ಧೈರ್ಯ ಬರ್ತದ."

ಮನೆಯ ಕಟ್ಟೆಗೆ ಶಹಾಬಾದಿ ಕಲ್ಲು ಹಾಸಿತ್ತು. ಬೆಳಿಗ್ಗೆ ಅದು ತಣ್ಣಗಿರುತ್ತಿತ್ತು. ಅಲ್ಲಿಂದ ರೈಲು ಹಳಿ ಕಾಣುತ್ತಿತ್ತು. ವಾಡಿ ಕಡೆಗೆ ಹೋಗುವ ಗೂಡ್ಸ್ ಗಾಡಿ ಬಂದರೆ ನಾಗರತ್ನಾ ಅಂಗಾಲು ಕಲ್ಲಿಗೆ ಒತ್ತಿ ಡಬ್ಬಿ ಎಣಿಸುತ್ತಿದ್ದಳು. ಮೊದಲ ದಿನ ಒಂಬತ್ತಕ್ಕೆ 'ಸಾಕು' ಎಂದು ಎದ್ದಳು. ಮರುದಿನ ಆರಕ್ಕೇ ಎದ್ದಳು. ಒಂದು ವಾರ ಕಟ್ಟೆಗೇ ಬರಲಿಲ್ಲ. ಪಕ್ಕದ ಮನೆಯವರು ಬ್ಯಾಳಿ ಹುರಿದ ದಿನ ಎಲ್ಲವೂ ಹಿಂದಕ್ಕೆ ಹೋದಂತಾಗಿ, ಮೂರು ದಿನ ಗೋಡೆಗೆ ಬೆನ್ನು ಹಚ್ಚಿದಳು. ಹಿಂದಕ್ಕೆ ಹೋಗುವುದು, ಮುಂದಕ್ಕೆ ಬರುವುದು ನಡೆದೇ ಇತ್ತು. ದೀಪಾವಳಿ ಕಳೆದು, ಯುಗಾದಿ ಕಳೆದು, ಇನ್ನೊಂದು ಮಳೆಗಾಲ ಬಂದಾಗ ಒಂದು ದಿನ ಆಕೆ ಇಡೀ ಗಾಡಿ ಎಣಿಸಿದಳು. ಐವತ್ತೆಂಟು ಡಬ್ಬಿ. ಕಡೆಯ ಡಬ್ಬಿ ದಾಟಿ ಹೋದ ಮೇಲೂ ಇಷ್ಟು ಹೊತ್ತು ತಾನು ಉಸಿರಾಡಿದ್ದು ಆಕೆಗೆ ನೆನಪೇ ಆಗಿರಲಿಲ್ಲ.

ಅಂಬಾರಾಯನಿಗೆ ಹೇಳಿದಾಗ ಅವನು, "ಐವತ್ತೆಂಟಲ್ಲ, ಐವತ್ತೊಂಬತ್ತು. ಹಿಂದಿನ ಗಾರ್ಡಿನ ಡಬ್ಬಿ ಬಿಟ್ಟೀದಿ," ಎಂದ. ನಾಗರತ್ನಾ ನಕ್ಕಳು.

ಆಕೆ ಮಿಲ್ಲಿಗೂ ಹೋದಳು. ಗೋದಾಮಿನೊಳಗೆ ಕಾಲಿಡುವುದಿಲ್ಲ, ಹೊರಗಿನ ಅಂಗಳದಲ್ಲಿ ಬಯಲಿನಲ್ಲೇ ಕೂತು ಹಸನು ಮಾಡುತ್ತೇನೆ ಎಂದಳು. ಮೇಸ್ತ್ರಿ ಹೂಂ ಎಂದ. ಹೊರಗಿನಿಂದಲೇ ಒಮ್ಮೆ ಒಳಗೆ ಕಣ್ಣು ಹಾಯಿಸಿದಳು. ಥಪ್ಪಿ ಹದಿನೇಳಕ್ಕೆ ನಿಂತಿತ್ತು.

ಕೆಟ್ಟದ್ದು ಒಂದಾದ ಮೇಲೆ ಒಂದು ಬಂದದ್ದು ಆಮೇಲೆ. ಒಂದು ಮಂಗಳವಾರ ದವಾಖಾನೆಗೆ ಹೋದರೆ ಮುಬೀನಳ ಕೋಣೆಗೆ ಬೀಗ. ಗುತ್ತಿಗೆಯ ನೌಕರಿ, ಮುಂದಿನ ಆರ್ಡರು ಬಂದಿಲ್ಲ ಎಂದರು. ಯಾವಾಗ ಬರುತ್ತದೆ ಎಂದರೆ ಯಾರಿಗೂ ಗೊತ್ತಿಲ್ಲ. ಕೆಲವು ತಿಂಗಳಲ್ಲಿ ಆ ಕೋಣೆಯಲ್ಲಿ ಹಳೆಯ ಮಂಚಗಳನ್ನು ಒಟ್ಟಿದರು. ನಾಗರತ್ನಾ ಫೋನು ಮಾಡಿದಾಗ ಮುಬೀನ ಶಹಾಬಾದಿನ ಮನೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು.

"ನೀವು ಕಲ್ತೀರಿ ಅಕ್ಕಾ, ನಡೆಸ್ಕೊಂಡು ಹೋಗ್ರಿ," ಎಂದಳು. ಆಮೇಲೆ, "ನನಗೇ ಈಗ ಕೂತಲ್ಲಿ ಕೂಡ್ಲಿಕ್ಕೆ ಆಗವಲ್ದು," ಎಂದಳು.

ಫೆಬ್ರುವರಿ ಬಂತು. ಭೀಮಬಾಯಿ ಸತ್ತ ಎರಡನೆಯ ವರ್ಷ. ಶೇಠರು ಆ ದಿನಕ್ಕೆ ಸರಿಯಾಗಿ ಮತ್ತೆ ಶಿಬಿರ ಇಟ್ಟರು. ಗೇಟಿಗೆ ಬ್ಯಾನರ್ ಕಟ್ಟಿಸಿದರು. ಅದರಲ್ಲಿ ಭೀಮಬಾಯಿಯ ಆಧಾರ್ ಕಾರ್ಡಿನ ಫೋಟೊ, ಪಕ್ಕದಲ್ಲಿ ಕೈಮುಗಿದ ಶೇಠರು. ಎಲ್ಲರೂ ಕೂಡಬೇಕೆಂದು ಹುಕುಂ. ನಾಗರತ್ನಾ ಬರುವುದಿಲ್ಲವೆಂದು ಹೇಳಿ ಅಂಗಳದಲ್ಲೇ ಮೊರ ಹಿಡಿದು ಉಳಿದಳು. ಆಕೆಯನ್ನು ಯಾರೂ ಒತ್ತಾಯಿಸಲಿಲ್ಲ. ಹೋದ ಸಲದ ರಂಪ ಎಲ್ಲರಿಗೂ ನೆನಪಿತ್ತು.

ಆದರೆ ಮಹಾನಂದಾ ಮೇಲೆ ಹೋದಳು. ಹತ್ತೊಂಬತ್ತು ವರ್ಷದ ಹುಡುಗಿ, ತಾಯಿಯ ಜಾಗದಲ್ಲಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಮಾತು ಕಡಿಮೆ. ತಲೆ ಎತ್ತಿ ಥಪ್ಪಿಯ ಕಡೆ ನೋಡುತ್ತಲೇ ಇರುವ ಚಾಳಿ. ಮೊದಲ ದಿನ ಇಳಿದು ಬಂದಾಗ ಅವಳ ತುಟಿ ಬಿಳಿಚಿದ್ದವು. ಎರಡನೆಯ ದಿನ ನೀರಿನ ಲೋಟವನ್ನು ತುಟಿಗೆ ಹಚ್ಚದೆಯೇ ಕೆಳಗಿಟ್ಟಳು.

"ಏನಾಗ್ತದ ಅಲ್ಲಿ?" ಎಂದು ನಾಗರತ್ನಾ ಕೇಳಿದಳು.

"ಅವ್ವ ಕಾಣಿಸ್ತಾಳ," ಎಂದಳು ಹುಡುಗಿ. "ಚೀಲದ ಕೆಳಗ. ನಾ ನೋಡೇ ಇಲ್ಲ, ಆದ್ರೂ ಕಾಣಿಸ್ತಾಳ. ಕಣ್ಣು ತೆಗೀಬ್ಯಾಡ ಅಂತಾರ ಮಾಸ್ತರು."

ಮೂರನೆಯ ದಿನ ನಾಗರತ್ನಾ ಮೊರ ಕೆಳಗಿಟ್ಟು ಮೆಟ್ಟಿಲು ಹತ್ತಿದಳು. ಹಾಲಿನ ಬಾಗಿಲು ಮುಚ್ಚಿತ್ತು. ದೂಡಿದಳು. ಒಳಗೆ ಅದೇ ಮುಚ್ಚಿದ ಗಾಳಿ, ಅದೇ ಉಸಿರುಗಳ ಸದ್ದು. ಆಕೆಯ ಕೈ ತಣ್ಣಗಾದವು. ಅಂಗಾಲು ಒತ್ತಿ ಹೊಸ್ತಿಲ ಮೇಲೇ ನಿಂತಳು, ಒಳಗೆ ಹೋಗಲಿಲ್ಲ. ಮೂಲೆಯಲ್ಲಿ ಮಹಾನಂದಾ ಎರಡೂ ಮುಷ್ಟಿ ಬಿಗಿದು, ಮುಖವೆಲ್ಲ ಬೆವೆತು ಕೂತಿದ್ದಳು.

"ಮಹಾನಂದಾ, ಕಣ್ಣು ತೆಗಿ," ಎಂದಳು ನಾಗರತ್ನಾ. ಎರಡು ವರ್ಷದಿಂದ ಮಿಲ್ಲಿನಲ್ಲಿ ಯಾರೂ ಕೇಳದ ದನಿ ಅದು. ಕೆಳಗೆ ಹಮಾಲರು ತಲೆ ಎತ್ತಿದರು. "ಕಣ್ಣು ತೆಗೆದು ನನ್ನ ಕಡಿ ನೋಡು. ಎದ್ದು ಬಾ. ಏಳಬಹುದು. ಯಾರೂ ಏನೂ ಅನ್ನಂಗಿಲ್ಲ."

ಹುಡುಗಿ ಎದ್ದು ಬಂದಳು, ಓಡಿಯೇ ಬಂದಳು. ನಾಗರತ್ನಾ ಅವಳನ್ನು ಅಂಗಳಕ್ಕೆ ಕರೆತಂದು, ಚಪ್ಪಲಿ ಬಿಡಿಸಿ ನೆಲದ ಮೇಲೆ ನಿಲ್ಲಿಸಿ, ಗೇಟಿನ ಬಣ್ಣ ಯಾವುದು, ನಿಂತ ಲಾರಿಯ ಬಣ್ಣ ಯಾವುದು ಎಂದು ಒಂದೊಂದೇ ಕೇಳಿದಳು. ಹುಡುಗಿ ಹಲ್ಲು ಕಟಕಟಿಸುತ್ತ ಹೇಳಿದಳು: ನೀಲಿ. ಕೆಂಪು. ಹಳದಿ.

ಹಿಂದೆಯೇ ರಘುವೀರ ಮಾಸ್ತರರು ಇಳಿದು ಬಂದರು. ಮುಖ ಸಣ್ಣದಾಗಿತ್ತು.

"ಹನ್ನೆರಡು ವರ್ಷದಿಂದ ಕಲಸ್ಲಿಕತ್ತೀನಿ, ತಾಯಿ. ತ್ರಾಸಾತು ಅಂತ ಇಷ್ಟು ಮಂದ್ಯಾಗ ಒಬ್ಬರೂ ಅಂದಿಲ್ಲ."

"ಅನ್ಲಿಕ್ಕೆ ಬಾಯಿ ಮುಚ್ಚಿಸೇ ಕೂಡ್ಸೀರಲ್ರಿ, ಮಾಸ್ತರ."

ಅವರು ಮೇಲಿನ ಹಾಲಿನ ಕಡೆ ತಿರುಗಿ ನೋಡಿದರು. ಆಕೆ ದನಿ ತಗ್ಗಿಸಿ ಹೇಳಿದಳು: "ನೀವು ಛಲೋ ಮಂದಿ ಅದೀರಿ. ಕೂಡ್ಸೂಕ್ಕಿಂತ ಮೊದಲು ಯಾರಿಗೆ ಏನಾಗ್ಯಾದ ಅಂತ ಕೇಳ್ರಿ. ಬ್ಯಾಡ ಅಂದವರಿಗೆ ಬ್ಯಾಡ ಅನ್ರಿ. ಬಾಗಿಲು ತೆಗೆದಿಡ್ರಿ. ಇಷ್ಟೇ."

ಅಷ್ಟರಲ್ಲಿ ಶೇಠರು ಬಂದರು, ಅವರ ಜೊತೆ ಫೋಟೊ ತೆಗೆಯುವವನೂ ಇದ್ದ. ನಾಗರತ್ನಾ ಶೇಠರ ಕಡೆಗೂ ತಿರುಗಿದಳು.

"ಮನಸಿಗೆ ಶಾಂತಿ ಆಮ್ಯಾಲ ಕೊಡೂರಂತ, ಸಾವಕಾರ. ಮೊದಲು ಥಪ್ಪಿ ಇಳಸ್ರಿ."

ಮರುದಿನ ಗೇಟಿನಲ್ಲಿ ಕಾವಲುಗಾರ ಇಬ್ಬರನ್ನೂ ತಡೆದ. ಕೆಲಸವಿಲ್ಲ ಎಂದಷ್ಟೇ ಹೇಳಲು ಅವನಿಗೆ ಅಪ್ಪಣೆಯಾಗಿತ್ತು.

ನಾಗರತ್ನಾ ಅದಕ್ಕೆ ತಯಾರಿದ್ದಳು. ಮಹಾನಂದಾ ತಯಾರಿರಲಿಲ್ಲ. ರಸ್ತೆಯ ಮೇಲೇ ನಿಂತು ಕೂಗಾಡಿದಳು.

"ನಾ ನಿನಗ ಕರಿ ಅಂದಿದ್ನೇನು? ಇನ್ನೆರಡು ದಿನ ಹೆಂಗರ ತಡಕೊಂಡು ಕೂಡ್ತಿದ್ದೆ. ಅವ್ವನ್ನ ಉಳಸ್ಲಿಲ್ಲ, ಈಗ ನನ್ನ ಹೊಟ್ಟಿ ಮ್ಯಾಲ ಹೊಡದಿ."

ಹುಡುಗಿ ಹೋದ ಮೇಲೂ ನಾಗರತ್ನಾ ಅದೇ ಜಾಗದಲ್ಲಿ ನಿಂತಿದ್ದು, ಅಂಗಾಲು ನೆಲಕ್ಕೆ ಒತ್ತಿ ನೋಡಿದಳು. ಅವತ್ತು ಅದು ಯಾವ ಉಪಯೋಗಕ್ಕೂ ಬರಲಿಲ್ಲ. ಮನೆಗೆ ಹೋಗಿ ಮಲಗಿದಳು, ಎರಡು ದಿನ ಏಳಲಿಲ್ಲ.

ಈಗ ಆಕೆ ಬಸ್ ಸ್ಟ್ಯಾಂಡಿನ ಹೊರಗೆ, ಬಯಲಿನಲ್ಲಿ, ತಾಡಪತ್ರಿ ಹಾಸಿ ಕಾಯಿಪಲ್ಲೆ ಮಾರುತ್ತಾಳೆ. ಬಿಸಿಲು ಮಳೆ ಎರಡೂ ತಲೆಯ ಮೇಲೇ. ತಗಡು ಹಾಕಿಸಿಕೊಡುತ್ತೇನೆಂದು ಅಂಬಾರಾಯ ಹೇಳಿದ. ತಲೆಯ ಮೇಲೆ ಏನೂ ಬೇಡ ಎಂದಳು. ಕಟ್ಟೆಯ ಮೇಲೆ ಕೂಡುವುದನ್ನು ಬಿಟ್ಟಿಲ್ಲ. ಕೆಲವು ದಿನ ಇಡೀ ಗಾಡಿ ಎಣಿಸುತ್ತಾಳೆ, ಕೆಲವು ದಿನ ಎಂಜಿನ್ ಕಂಡ ಕೂಡಲೇ 'ಸಾಕು' ಎಂದು ಏಳುತ್ತಾಳೆ. ಪೂರ್ತಿ ಗುಣವಾಯಿತೇ ಎಂದು ಕೇಳಿದರೆ ಇಲ್ಲ ಎನ್ನುತ್ತಾಳೆ.

ಮಹಾನಂದಾ ಒಂದು ತಿಂಗಳು ವಾಡಿಯಲ್ಲಿ ಸೋದರಮಾವನ ಮನೆಯಲ್ಲಿದ್ದಳು. ಆಮೇಲೆ ಶೇಠರ ಕಾಲು ಹಿಡಿದು ತಪ್ಪಾಯಿತೆಂದು ಹೇಳಿ ಮಿಲ್ಲಿಗೆ ಮರಳಿದಳು. ಮರುವರ್ಷ ಫೆಬ್ರುವರಿ ಮುಗಿದ ಮೇಲೆ ಒಂದು ಸಂಜೆ ತಾಡಪತ್ರಿಯ ಮುಂದೆ ಬಂದು ನಿಂತು, ಮೆಂತ್ಯೆ ಸೊಪ್ಪು ಆರಿಸಿದಳು. ತಲೆ ಎತ್ತಲಿಲ್ಲ.

"ಈ ವರ್ಷನೂ ಕೂಡ್ಸಿದ್ರು," ಎಂದಳು.

"ಬಾಗಿಲು ತೆಗೆದಿದ್ರೇನು?"

"ಇಲ್ಲ." ಇನ್ನೊಂದು ಕಟ್ಟು ಎತ್ತಿಕೊಂಡು ಹೇಳಿದಳು: "ನಾ ಹಿಂದಿನ ಸಾಲಿನ್ಯಾಗ ಕೂಡ್ತೀನಿ. ಕಣ್ಣು ಅರ್ಧ ತೆಗೆದಿರ್ತೀನಿ. ಜಮಖಾನದ ಪಟ್ಟಿ ಎಣಸ್ತೀನಿ. ಮಾಸ್ತರಿಗೆ ಕಾಣಂಗಿಲ್ಲ."

ನಾಗರತ್ನಾ ಸೊಪ್ಪಿನ ಜೊತೆ ಒಂದು ಹಿಡಿ ಕೊತ್ತಂಬರಿ ಹಾಕಿದಳು. ಹುಡುಗಿ ಅದನ್ನೂ ಸೆರಗಿನಲ್ಲಿ ಕಟ್ಟಿಕೊಂಡಳು. ಮುಧೋಳದ ಬಸ್ಸು ಹಿಂದಕ್ಕೆ ಸರಿಯುತ್ತಿತ್ತು, ಅದರ ಮಗ್ಗುಲಿನಿಂದ ದಾಟಿ ಹೋದಳು. ಹುಡುಗಿಗೆ ಅಷ್ಟಾದರೂ ತಿಳಿಯಿತಲ್ಲ ಎಂದು ನಾಗರತ್ನಾಳಿಗೆ ಒಂದು ಗಳಿಗೆ ಸಮಾಧಾನವಾಯಿತು. ಕಣ್ಣು ತೆರೆದು ಕೂಡುವುದನ್ನೂ ಕದ್ದು ಮಾಡಬೇಕಾಯಿತಲ್ಲ ಎಂಬುದು ಆಮೇಲೆ ಹೊಳೆಯಿತು. ಗಿರಾಕಿ ಬದನೆಕಾಯಿ ಹೆಂಗೆ ಎಂದು ಎರಡನೆಯ ಸಲ ಕೇಳಿದಾಗ ಆಕೆ ತಕ್ಕಡಿ ಎತ್ತಿಕೊಂಡಳು.